ಎತ್ತಿ ಹೊಡೆ ಎಂದವನು

ಶನಿವಾರ ಸಂಜೆಯ ಹೊತ್ತಿಗೆ ಮಾಟುಂಗದ ಆ ಉಡುಪಿ ಹೋಟೆಲಿನ ಬಾಗಿಲ ಬದಿಯ ಮೇಜು ಮೈದಾನವಾಗಿಬಿಡುತ್ತಿತ್ತು. ಕುಡಿದಿಟ್ಟ ಲೋಟಗಳೆಲ್ಲ ಫೀಲ್ಡರುಗಳು. ನಡುವೆ ಮಲಗಿಸಿದ ಚಮಚ ಪಿಚ್ಚು. ಅದರ ತುದಿಯಲ್ಲಿ ನಿಂತ ಉಪ್ಪಿನ ಡಬ್ಬಿ, ಜನರಿಗೆ ಆ ವಾರ ಯಾರ ಮೇಲೆ ಸಿಟ್ಟಿದೆಯೋ ಆ ಬ್ಯಾಟ್ಸ್‌ಮನ್. ಈ ವಾರ ಅದು ಗುರುಪಾದ. ಡಬ್ಬಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದವರು ಗುರುಪಾದನ ಅಪ್ಪ ಶಿವಪುತ್ರಪ್ಪನವರೇ.

"ಕಾಲು ಮುಂದ ಬರ್ಬೇಕು," ಎಂದು ಅವರು ಡಬ್ಬಿಯನ್ನು ಒಂದಿಷ್ಟು ಸರಿಸಿದರು. "ತಲಿ ಚೆಂಡಿನ ಮ್ಯಾಲ ಇರ್ಬೇಕು. ಚೆಂಡು ನೆಲಾ ಬಿಡಬಾರ್ದು. ಇಷ್ಟ ಮಾಡಿದ್ರ ಸಾಕು, ಯಾರಿಂದನೂ ಔಟ್ ಮಾಡಾಕ ಆಗೂದಿಲ್ಲ."

"ಔಟ್ ಆಗ್ಲಿಕ್ಕಿಲ್ಲ, ಸರಿ. ರನ್ನು ಎಲ್ಲಿಂದ ಬರ್ತದೆ ಸಾಹೇಬ್ರೆ?" ಎಂದ ಗಲ್ಲಾದ ಹಿಂದೆ ಕುಳಿತಿದ್ದ ಅಣ್ಣು.

ಮೇಜಿನ ಸುತ್ತಲಿನವರು ನಕ್ಕರು. ಶಿವಪುತ್ರಪ್ಪನವರು ನಗಲಿಲ್ಲ. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರು ಧಾರವಾಡದವರು. ಓದುವ ಕಾಲದಲ್ಲಿ ಅಲ್ಲಿಯ ಗಟ್ಟಿ ಕೆಮ್ಮಣ್ಣಿನ ಮೇಲೆ ಪಿಚ್ಚಿನಷ್ಟಕ್ಕೆ ಚಾಪೆ ಹಾಸಿ ಆಡಿದವರು. ಆ ನೆಲದಲ್ಲಿ ಚೆಂಡನ್ನು ಮುಟ್ಟಿಸಿದರೆ ಸಾಕು, ಅದು ಬೇಲಿಯವರೆಗೆ ತಾನೇ ಓಡುತ್ತಿತ್ತು. ಈಗ ಘಾಟ್ಕೋಪರಿನ ಚಾಳಿನಲ್ಲಿ ಮನೆ, ಆದರೆ ಅವರ ಕ್ರಿಕೆಟ್ಟು ಇನ್ನೂ ಆ ಕೆಮ್ಮಣ್ಣಿನಲ್ಲೇ ಇತ್ತು.

ಮುಂಬಯಿಯಲ್ಲಿ ಮಳೆಗಾಲದಲ್ಲೂ ಆಡುತ್ತಾರೆ. ಜುಲೈ ಬಂದರೆ ಮೈದಾನಗಳಲ್ಲಿ ಹುಲ್ಲು ಮೀನಖಂಡ ಮುಚ್ಚುವಷ್ಟು ಬೆಳೆದಿರುತ್ತದೆ. ಪಿಚ್ಚಿನ ಮೇಲಷ್ಟೇ ಕತ್ತರಿಸುತ್ತಾರೆ, ಉಳಿದದ್ದನ್ನು ಮಳೆಗೆ ಬಿಡುತ್ತಾರೆ. ಹೋಟೆಲಿನ ಎದುರಿನ ಕಾಲೇಜು ತಂಡ ಆ ವರ್ಷ, ಐವತ್ತನಾಲ್ಕರಲ್ಲಿ, ಆಡಿದ ಪಂದ್ಯಗಳನ್ನೆಲ್ಲ ಸೋತಿತ್ತು. ಬೌಲಿಂಗ್ ಚೆನ್ನಾಗಿಯೇ ಇತ್ತು. ಬ್ಯಾಟ್ಸ್‌ಮನ್ನರು ಬಂದು ಪುಸ್ತಕದಲ್ಲಿ ಬರೆದ ಹಾಗೆ ಕಾಲು ಮುಂದಿಟ್ಟು, ಚೆಂದವಾಗಿ ನೆಲದುದ್ದಕ್ಕೂ ಹೊಡೆಯುತ್ತಿದ್ದರು. ಚೆಂಡು ಹುಲ್ಲಿನೊಳಗೆ ಹೋಗಿ ಸುಮ್ಮನೆ ಮಲಗುತ್ತಿತ್ತು. ರನ್ನಿಲ್ಲದೆ ಕಾದು ಕಾದು, ತಾಳ್ಮೆ ಕಳೆದುಕೊಂಡು ಒಬ್ಬೊಬ್ಬರಾಗಿ ಔಟಾಗುತ್ತಿದ್ದರು. ಚೆಂಡು ನೆಲ ಬಿಡಬಾರದೆಂದು ಕ್ರೀಡಾ ವಿಭಾಗದ ಪ್ರೊಫೆಸರರ ಅಪ್ಪಣೆಯಿತ್ತು.

ಈ ಸೋಲುಗಳಿಂದ ಹೋಟೆಲಿನಲ್ಲಿ ಎರಡು ಪಕ್ಷಗಳಾಗಿದ್ದವು. ನೆಲದ ಪಕ್ಷಕ್ಕೆ ಶಿವಪುತ್ರಪ್ಪನವರು ಹಿರಿಯರು. ಗಾಳಿಯ ಪಕ್ಷಕ್ಕೆ ಯಾರೂ ಹಿರಿಯರಿರಲಿಲ್ಲ. ಗಲ್ಲಾ ಬಿಟ್ಟು ಏಳಲಾಗದ ಅಣ್ಣುವಿನ ದನಿಯೇ ಅದರಲ್ಲಿ ಎಲ್ಲಕ್ಕಿಂತ ದೊಡ್ಡದು.

"ಹುಲ್ಲಲ್ಲಿ ಚೆಂಡು ಸಾಯ್ತದೆ ಅಂತ ಕಣ್ಣಿಗೆ ಕಾಣ್ತದಲ್ಲ," ಅಣ್ಣು ಹೇಳಿದ. "ಹುಲ್ಲಿನ ಮೇಲಿಂದ ಕಳಿಸಿದ್ರೆ ಆಯ್ತು. ಎತ್ತಿ ಹೊಡಿಬೇಕು."

"ಎತ್ತಿ ಹೊಡಿಯಾಕ ಅದೇನು ದ್ವಾಸಿ ಏನೋ?" ಎಂದರು ಶಿವಪುತ್ರಪ್ಪನವರು.

"ಅಣ್ಣು, ಎತ್ತಿ ಹೊಡೆದ್ರೆ ಆ ಚೆಂಡು ಸೀದಾ ಬಂದು ನನ್ನ ಸಾಂಬಾರಿಗೆ ಬೀಳ್ತದೆ ಮಾರಾಯ," ಎಂದು ಒಳಗಿನ ಕಿಂಡಿಯಿಂದ ಅಡುಗೆಯ ಕೊರಗಪ್ಪ ಕೂಗಿದ. "ಆಮೇಲೆ ಗಿರಾಕಿಗೆ ನೀನೇ ಉತ್ತರ ಹೇಳ್ಬೇಕು."

ಮತ್ತೆ ನಗು. ನಗು ಇಳಿದ ಮೇಲೆ ಶಿವಪುತ್ರಪ್ಪನವರು ಉಪ್ಪಿನ ಡಬ್ಬಿಯನ್ನು ಮೇಜಿನ ಅಂಚಿಗೆ ತಂದು ನಿಲ್ಲಿಸಿದರು.

"ನಾಳೆ ಒಂದು ಆಟ ಐತಿ, ಅಂಧೇರಿ ಕ್ಲಬ್ಬಿನವರ ಮ್ಯಾಲ. ಕ್ಯಾಪ್ಟನ್ ಕರ್ಣಿಕ್ ನಿನ್ನೆ ನಮ್ಮ ಹುಡುಗಗ ಖಡಕ್ ಹೇಳ್ಯಾನ. ನಾಳೆನೂ ಹಿಂಗ ಆದ್ರ ಟೀಮಿನಾಗ ಜಾಗಾ ಇಲ್ಲ ಅಂತ. ನಾನೂ ಹೇಳೀನಿ. ಟೀಮಿನಿಂದ ಹೊರಗ ಬಂದ ದಿನ ಬ್ಯಾಟ್ ಬಿಡು, ಪುಸ್ತಕಾ ಹಿಡಿ. ಕಾಲೇಜಿನ ಕಡೀ ವರ್ಷ." ಅವರು ಅಣ್ಣುವಿನ ಕಡೆ ನೋಡಿದರು. "ಅದಕ್ಕ ನಿಂಗ ಹೇಳ್ತೀನಿ. ನಿನ್ನ ಗಾಳಿ ಮಾತು ಅವನ ಕಿವಿಗೆ ಹಾಕಬ್ಯಾಡ."

ಅಣ್ಣು ಗಿರಾಕಿಯ ಕೈಗೆ ಚಿಲ್ಲರೆ ಎಣಿಸಿಕೊಟ್ಟ.

ಅಣ್ಣುವಿಗೆ ಆಗ ಮೂವತ್ತರ ಆಸುಪಾಸು. ಬ್ರಹ್ಮಾವರದ ಆಚೆಯ ಹಳ್ಳಿಯಿಂದ, ಮೀಸೆ ಮೂಡುವ ಮೊದಲೇ, ಹಡಗು ಹತ್ತಿ ಬಂದವನು. ಕಪ್ಪು ಬಸಿ ತೊಳೆದ, ಮೇಜು ಒರೆಸಿದ, ಆರ್ಡರು ಕೂಗಿದ. ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಿನಲ್ಲಿ ಓದಿ, ಒಮ್ಮೆ ನಪಾಸಾಗಿ, ಎರಡನೆಯ ಸಲ ಮೆಟ್ರಿಕ್ ಪಾಸು ಮಾಡಿಕೊಂಡ. ಅದೇ ವಾರ ಯಜಮಾನರು ಕರೆದು ಗಲ್ಲಾದ ಮೇಲೆ ಕೂರಿಸಿದರು. ಎಲ್ಲರೂ ಅವನ ಬೆನ್ನು ತಟ್ಟಿದರು. ಕಾಲೇಜಿಗೆ ಹೋಗಬೇಕೆಂದು ಅವನು ಯಾರ ಬಳಿಯೂ ಹೇಳಿರಲಿಲ್ಲವಾದ್ದರಿಂದ, ಅದು ಆಗದೆ ಹೋದದ್ದು ಯಾರಿಗೂ ತಿಳಿಯಲಿಲ್ಲ. ಗಲ್ಲಾದಿಂದ ನೇರ ನೋಡಿದರೆ ರಸ್ತೆಯಾಚೆ ಮೈದಾನ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಅವನು ಹೋಗಿ ಬೇಲಿಗೆ ಒರಗಿ ನಿಲ್ಲುತ್ತಿದ್ದ. ಬ್ಯಾಟನ್ನು ಎಂದೂ ಹಿಡಿದವನಲ್ಲ. ಆದರೂ ಹುಡುಗರು ಗೆದ್ದು ಕೂಗಿದರೆ ಆ ಕೂಗಿನಲ್ಲಿ ತನ್ನದೂ ಒಂದು ಪಾಲಿದೆ ಎನಿಸುತ್ತಿತ್ತು. ಊರಿನಿಂದ ಬರೆದ ಕಾಗದದಲ್ಲಿ ಹೆಂಡತಿ ವಿನೋದಿನಿ, ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಎಂತ ಸಿಗ್ತದೆ ನಿಮಗೆ ಎಂದು ಕೇಳಿದ್ದಳು.

ಶಿವಪುತ್ರಪ್ಪನವರು ಲೋಕಲ್ ಹಿಡಿಯಲು ಹೊರಟುಹೋದ ಸ್ವಲ್ಪ ಹೊತ್ತಿಗೆ ಗುರುಪಾದ ಬಂದ. ನೆಟ್ ಅಭ್ಯಾಸ ಮುಗಿಸಿ ಬಂದಿದ್ದ. ಪ್ಯಾಂಟಿನ ಅಂಚು ಕೆಸರಾಗಿತ್ತು. ಕೂರದೆ ಗಲ್ಲಾದ ಪಕ್ಕದಲ್ಲೇ ನಿಂತ.

"ಅಪ್ಪಾ ಹೋದ್ರಾ ಕಾಕಾ?"

"ಈಗ ಹೋದ್ರು. ಚಾ ಕುಡಿ."

"ನಕೋ, ಬ್ಯಾಡ." ಸೋಂಪಿನ ತಟ್ಟೆಯಿಂದ ಒಂದೆರಡು ಕಾಳು ತೆಗೆದು ಬೆರಳುಗಳ ನಡುವೆ ಹೊರಳಿಸಿದ. ಮುಂಬಯಿಯಲ್ಲೇ ಹುಟ್ಟಿದ ಹುಡುಗ. ಅವನ ಕನ್ನಡದಲ್ಲಿ ಅಪ್ಪನ ಧಾರವಾಡವೂ ಚಾಳಿನ ಮರಾಠಿ ಹಿಂದಿಗಳೂ ಒಟ್ಟೊಟ್ಟಿಗೆ ಬರುತ್ತಿದ್ದವು. "ಚೆಂಡು ಬರೋಬರ್ ಬ್ಯಾಟಿಗೆ ಸಿಗ್ತೈತಿ ಕಾಕಾ. ಲೇಕಿನ್ ಹುಲ್ಲಿನಾಗ ನಿಂತ್ಬಿಡ್ತೈತಿ. ನಾಳೆನೂ ಹಂಗ ಆದ್ರ ಖತಂ. ನೀವ್ ಹೇಳ್ರಿ, ನಾ ಏನ್ ಮಾಡ್ಲಿ?"

ಅವನ ಅಪ್ಪ ಹೇಳಿಹೋದ ಮಾತು ಅಣ್ಣುವಿನ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ಅವನು ಗಲ್ಲಾದ ಮುಚ್ಚಳ ಹಾಕಿದ, ತೆಗೆದ. ಬೇರೆ ಯಾರಾದರೂ ಕೇಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಈ ಹೋಟೆಲಿನಲ್ಲಿ ಯಾರೂ ಈವರೆಗೆ ಅವನನ್ನು ಏನು ಮಾಡಲಿ ಎಂದು ಕೇಳಿರಲಿಲ್ಲ.

"ಎತ್ತಿ ಹೊಡೆ," ಎಂದ.

"ಅಪ್ಪಾ ಬರ್ತಾರ ನೋಡಾಕ."

"ಅಪ್ಪ ನೋಡ್ತಾರೆ ಅಂತ ಹುಲ್ಲು ದಾರಿ ಬಿಡ್ತದಾ? ಎತ್ತಿ ಹೊಡೆ."

ಗುರುಪಾದ ತಲೆ ಆಡಿಸಿದ. ಹೂಂ ಎಂದೋ ಇಲ್ಲವೆಂದೋ ಅಣ್ಣುವಿಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ಜಡಿದು ಹಿಡಿಯಿತು. ತಂದೆ ಮಗ ಮೊದಲ ಲೋಕಲಿಗೇ ಬಂದು ಮಾಟುಂಗ ಸೇರಿದ್ದರು. ಅವರ ಹಿಂದೆಯೇ ಕುರ್ಲಾದ ಬಳಿ ಹಳಿಯ ಮೇಲೆ ನೀರು ನಿಂತು ಗಾಡಿಗಳು ನಿಂತವು. ನೇಮಕವಾಗಿದ್ದ ಇಬ್ಬರು ಅಂಪೈರುಗಳಲ್ಲಿ ದಾದರಿನ ಹಿರಿಯರೊಬ್ಬರು ಮಾತ್ರ ತಲುಪಿದರು. ಇಂಥ ದಿನಗಳಿಗೆ ಒಂದು ವಾಡಿಕೆಯಿತ್ತು: ಬ್ಯಾಟ್ ಮಾಡುವ ಕಡೆಯವರೇ ಒಬ್ಬರನ್ನು ಎರಡನೆಯ ಅಂಪೈರಾಗಿ ಕೊಡಬೇಕು. ಅಂಧೇರಿಯವರು ಮೊದಲು ಆಡುವಾಗ ಅವರ ಕ್ಲಬ್ಬಿನ ಕಾರ್ಯದರ್ಶಿ ನಿಂತಿದ್ದರು. ಅಂಧೇರಿಯವರು ದೊಡ್ಡ ಮೊತ್ತವನ್ನೇನೂ ಮಾಡಲಿಲ್ಲ. ಎತ್ತಿ ಹೊಡೆಯುವುದನ್ನು ಕಲಿತ ತಂಡಕ್ಕೆ ಅದು ಕಷ್ಟವಲ್ಲ. ನೆಲ ಬಿಡದ ತಂಡಕ್ಕೆ ಬೆಟ್ಟ.

ಊಟದ ಗದ್ದಲ ಮುಗಿಸಿ, ಗಲ್ಲಾವನ್ನು ಯಜಮಾನರಿಗೆ ಒಪ್ಪಿಸಿ ಅಣ್ಣು ಬೇಲಿಯ ಬಳಿ ಬಂದಾಗ ಕಾಲೇಜಿನ ಸರದಿ ಶುರುವಾಗುವುದರಲ್ಲಿತ್ತು. ಕರ್ಣಿಕ್ ಅವನನ್ನು ಕಂಡು ಓಡಿ ಬಂದ.

"ಅಣ್ಣಾ, ಅಂಪೈರ್ ಬನೋಗೆ?"

ಹನ್ನೆರಡನೆಯ ಆಟಗಾರನೂ ಕುರ್ಲಾದಲ್ಲಿ ಸಿಕ್ಕಿಬಿದ್ದಿದ್ದ. ಉಳಿದವರು ಪ್ಯಾಡ್ ಕಟ್ಟಿ ಕೂರಬೇಕು. ಅಣ್ಣು ಬೇಡವೆಂದ. ತನಗೆ ನಿಯಮ ಅಷ್ಟಾಗಿ ಗೊತ್ತಿಲ್ಲವೆಂದ. ಅಷ್ಟರಲ್ಲಿ ಅಂಧೇರಿಯ ಕ್ಯಾಪ್ಟನ್ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿ, "ಹೋಟೆಲ್‌ವಾಲಾ ಚಲೇಗಾ, ಪ್ಲೇಯರ್ ನಹೀಂ ಚಾಹಿಯೇ," ಆಟಗಾರ ಬೇಡ, ಹೋಟೆಲಿನವನಾದರೆ ಆದೀತು ಎಂದುಬಿಟ್ಟ. ಯಾರೋ ಬಿಳಿಯ ಕೋಟು ತಂದು ಅವನ ಪಂಚೆಯ ಮೇಲೆ ತೊಡಿಸಿದರು. ತೋಳು ಬೆರಳ ತುದಿಯವರೆಗೆ ಬರುತ್ತಿತ್ತು.

ಬೇಲಿಯಂಚಿನಲ್ಲಿ ಹೋಟೆಲಿನ ಮೇಜೇ ಎದ್ದು ಬಂದು ಛತ್ರಿಗಳ ಕೆಳಗೆ ನಿಂತಿತ್ತು.

"ಅಂಪೈರ್ ಸಾಹೇಬ್, ಎರಡು ಇಡ್ಲಿ ಒಂದು ಸಿಂಗಲ್ ಚಾ," ಎಂದು ಯಾರೋ ಕೂಗಿದರು.

ಶಿವಪುತ್ರಪ್ಪನವರು ಮಾತ್ರ ತಮಾಷೆ ಮಾಡಲಿಲ್ಲ. ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿ, ಗುಂಪಿನಿಂದ ದೂರ ಹೋಗಿ ಒಬ್ಬರೇ ನಿಂತರು.

ಮಳೆ ಹನಿಯಾಗಿ ಇಳಿದಿತ್ತು. ಗುರುಪಾದ ಬ್ಯಾಟು ಹಿಡಿದು ಬಂದ. ಮೊದಲ ಚೆಂಡಿಗೆ ಕಾಲು ಮುಂದೆ, ತಲೆ ಚೆಂಡಿನ ಮೇಲೆ. ಹೊಡೆತ ಟಪ್ಪೆಂದು ಕೇಳಿಸಿತು. ಚೆಂಡು ನಾಲ್ಕು ಮಾರು ಹೋಗಿ ಹುಲ್ಲಿನಲ್ಲಿ ಕಾಣದಾಯಿತು. ಮತ್ತೆ ಹಾಗೆಯೇ. ಇನ್ನೊಂದು ಸಲ ಹಾಗೆಯೇ. ಅತ್ತ ಎರಡು ವಿಕೆಟು ಬಿದ್ದವು.

"ತಾಳ್ಮಿ, ತಾಳ್ಮಿ," ಎಂದು ಛತ್ರಿಯ ಕೆಳಗಿಂದ ಅಪ್ಪನ ದನಿ.

"ತಾಳ್ಮೆಯಲ್ಲಿ ಸಂಜೆ ಆಗ್ತದೆ," ಎಂದು ಗಾಳಿಯ ಪಕ್ಷದವರ ದನಿ.

"ನೀ ಬಂದು ಆಡೋ ಮಗನ," ಎಂದು ನೆಲದ ಪಕ್ಷದ ಇನ್ನೊಬ್ಬರು.

ಅಣ್ಣುವಿಗೆ ಎಲ್ಲವೂ ಕೇಳುತ್ತಿತ್ತು, ಯಾವುದಕ್ಕೂ ಬಾಯಿ ತೆರೆಯುವ ಹಾಗಿರಲಿಲ್ಲ. ಕೋಟು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಬೌಲಿಂಗ್ ಕೊನೆ ಬದಲಾಗಿ ಅವನು ಬ್ಯಾಟ್ಸ್‌ಮನ್ನಿನ ಪಕ್ಕಕ್ಕೆ, ಸ್ಕ್ವೇರ್ ಲೆಗ್ಗಿನಲ್ಲಿ, ದೂರ ನಿಲ್ಲುವ ಸರದಿ ಬಂತು. ಗುರುಪಾದ ಕೈಗವಸು ಬಿಗಿಮಾಡುತ್ತ ಒಮ್ಮೆ ತಲೆಯೆತ್ತಿ ಅವನ ಕಡೆ ನೋಡಿದ. ಅಣ್ಣು ಕಣ್ಣು ತಪ್ಪಿಸಿ ನೆಲ ನೋಡಿದ. ಅಂಪೈರು ಮತ್ತೇನು ಮಾಡಬಲ್ಲ?

ಮುಂದಿನ ಚೆಂಡನ್ನು ಹುಡುಗ ಎತ್ತಿದ.

ಚೆಂಡು ಫೀಲ್ಡರುಗಳ ತಲೆಯ ಮೇಲೆ ಹೋಗಿ, ಹುಲ್ಲನ್ನು ಮುಟ್ಟದೆ, ಬೇಲಿಯಾಚೆ ರಸ್ತೆಯ ನೀರಿನಲ್ಲಿ ಬಿತ್ತು. ಒಂದು ಕ್ಷಣ ಯಾರೂ ಕೂಗಲಿಲ್ಲ. ಆ ವರ್ಷ ಆ ತಂಡದವರು ಹಾಗೆ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಕೂಗಿದರು. ನೆಲದ ಪಕ್ಷದವರೂ ಕೂಗಿದರು. ಶಿವಪುತ್ರಪ್ಪನವರ ಛತ್ರಿ ಅಲುಗಲಿಲ್ಲ.

ಮತ್ತೊಂದು ಓವರಿನಲ್ಲಿ ಮತ್ತೊಂದು. ಈಗ ಗುರುಪಾದನ ಭುಜ ಸಡಿಲಾಗಿತ್ತು. ಗೆಲ್ಲಲು ಬೇಕಾದದ್ದು ಮೊದಲ ಬಾರಿಗೆ ಕೈಗೆಟಕುವಷ್ಟು ಹತ್ತಿರ ಬಂತು. ಬೇಲಿಯಂಚಿನಲ್ಲಿ ಛತ್ರಿಗಳು ಒಂದೊಂದಾಗಿ ಮಡಿಚಿಕೊಂಡವು, ಮಳೆ ಮಾತ್ರ ನಿಂತಿರಲಿಲ್ಲ. ಅಣ್ಣು ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ. ಇದು ನನ್ನ ಮಾತು, ನನ್ನ ಮಾತಿನಿಂದ ಆದದ್ದು ಎಂದು ಒಳಗೊಳಗೇ ಹೇಳಿಕೊಂಡ. ಹೇಳಿಕೊಂಡದ್ದಕ್ಕೆ ಹೆದರಿದ.

ಮೂರನೆಯದನ್ನು ಎತ್ತಿದಾಗ ಚೆಂಡು ಬ್ಯಾಟಿನ ನಡುವಿಗೆ ಸಿಗಲಿಲ್ಲ. ಮೇಲೆ ಹೋಯಿತು, ದೂರ ಹೋಗಲಿಲ್ಲ. ಅಣ್ಣುವಿನ ತಲೆಯ ಮೇಲಿಂದ ಅವನ ಹಿಂದೆ ಇಳಿಯತೊಡಗಿತು. ಬೇಲಿಯ ಕಡೆಯಿಂದ ಅಂಧೇರಿಯ ಫೀಲ್ಡರನೊಬ್ಬ ಕೆಸರು ಹಾರಿಸುತ್ತ ಓಡಿ ಬಂದು, ಮುಂದಕ್ಕೆ ಬಿದ್ದು, ಎರಡೂ ಕೈಗಳನ್ನು ಹುಲ್ಲಿನೊಳಗೆ ಚಾಚಿದ. ಅವನು ಎದ್ದಾಗ ಚೆಂಡು ಕೈಯಲ್ಲಿತ್ತು. ಅಂಧೇರಿಯ ತಂಡವೆಲ್ಲ ಒಂದೇ ಬಾಯಲ್ಲಿ ಕೂಗಿತು.

ಗುರುಪಾದ ಕದಲಲಿಲ್ಲ.

ಬೌಲರನ ಕಡೆ ನಿಂತಿದ್ದ ದಾದರಿನ ಹಿರಿಯರಿಗೆ ಅಷ್ಟು ದೂರಕ್ಕೆ ಏನೂ ಕಂಡಿರಲಿಲ್ಲ. ಅವರು ತಲೆ ತಿರುಗಿಸಿ ಅಣ್ಣುವಿನತ್ತ ನೋಡಿದರು. ಹತ್ತಿರವಿದ್ದವನು ಅವನೊಬ್ಬನೇ.

ಅಣ್ಣು ಕಂಡಿದ್ದ. ಹುಲ್ಲಿನ ಎಸಳುಗಳು ಬಾಗಿ, ಚೆಂಡು ಅವುಗಳ ಬುಡಕ್ಕೆ ತಾಗಿ, ಒಂದು ಗೇಣಿನಷ್ಟು ಪುಟಿದು ಆ ಕೈಗಳಿಗೆ ಬಂದದ್ದನ್ನು ಕಂಡಿದ್ದ. ಹಾಗೆಂದು ಅವನ ಕಣ್ಣು ಹೇಳಿತು. ಆದರೆ ಆ ಕಣ್ಣು ಯಾರದು? ನಿನ್ನೆ ಸಂಜೆ ಎತ್ತಿ ಹೊಡೆ ಎಂದವನದು. ಹುಡುಗ ಔಟಾಗಬಾರದೆಂದು ಚೆಂಡು ಮೇಲಿದ್ದಾಗಲೇ ಬೇಡಿಕೊಂಡವನದು. ಕಂಡದ್ದೋ, ಕಾಣಲಿ ಎಂದುಕೊಂಡದ್ದೋ? ಔಟಲ್ಲ ಎಂದರೆ ಅಂಧೇರಿಯವರು ಏನೆಂದಾರು? ಹೋಟೆಲಿನವನು ತನ್ನ ಹುಡುಗನನ್ನು ಉಳಿಸಿಕೊಂಡ ಎಂದಾರು.

"ಪಕಡಾ," ಹಿಡಿದೆನೆಂದ ಫೀಲ್ಡರ್, ಅವನ ಮುಖ ನೋಡದೆ.

ಅಣ್ಣು ಉದ್ದ ತೋಳನ್ನು ಹಿಂದಕ್ಕೆ ಸರಿಸಿ ಬೆರಳೆತ್ತಿದ.

ಗುರುಪಾದ ಅವನ ಮುಂದಿನಿಂದಲೇ ನಡೆದು ಹೋದ. ಅವನು ಹೋದ ಮೇಲೆ ಉಳಿದವರು ಮತ್ತೆ ನೆಲದ ಆಟಕ್ಕೆ ಇಳಿದರು. ಕತ್ತಲೆ ಕವಿಯುವ ಮೊದಲೇ ಕಾಲೇಜು ಸ್ವಲ್ಪದರಲ್ಲಿ ಸೋತಿತು.

ಸೋಮವಾರ ಬೆಳಿಗ್ಗೆ ಹೋಟೆಲಿನಲ್ಲಿ ಅಣ್ಣುವಿನ ಹೆಸರು ದೊಡ್ಡದಾಗಿತ್ತು. ಸೋತ ಬೇಸರದ ಮೇಲೆ ಅವನ ನ್ಯಾಯವನ್ನು ಎಲ್ಲರೂ ಬೆಲ್ಲದ ಹಾಗೆ ಚಪ್ಪರಿಸುತ್ತಿದ್ದರು. "ನಮ್ಮ ಅಣ್ಣು ಜಡ್ಜ್ ಆಗಬೇಕಾದವನು," ಎಂದರು ಒಬ್ಬರು. "ತನ್ನ ಪಕ್ಷದ ಹುಡುಗ ಅಂತ ನೋಡ್ಲಿಲ್ಲ, ಬೆರಳೆತ್ತಿಯೇಬಿಟ್ಟ," ಎಂದರು ಇನ್ನೊಬ್ಬರು. ಯಜಮಾನರೂ ಒಮ್ಮೆ ಅವನ ಕಡೆ ನೋಡಿ ಮೀಸೆಯಲ್ಲಿ ನಕ್ಕರು. ಕೊರಗಪ್ಪ ಕಿಂಡಿಯಿಂದ ಕೈ ಚಾಚಿ, ಕೇಳದೆಯೇ ಒಂದು ತುಪ್ಪದ ದೋಸೆಯನ್ನು ಗಲ್ಲಾಕ್ಕೆ ಕಳಿಸಿದ. ಅದು ತಣ್ಣಗಾಗಿ ಎಲೆಗೆ ಅಂಟಿಕೊಳ್ಳುವವರೆಗೂ ಅಣ್ಣು ಅದನ್ನು ಮುಟ್ಟಲಿಲ್ಲ.

ಮಧ್ಯಾಹ್ನ ಜನ ಕರಗಿದ ಹೊತ್ತಿಗೆ ಶಿವಪುತ್ರಪ್ಪನವರು ಬಂದರು. ಆಫೀಸಿನಿಂದ ಆ ಹೊತ್ತಿಗೆ ಬರುವವರಲ್ಲ. ಮೇಜಿಗೆ ಹೋಗಲಿಲ್ಲ, ಗಲ್ಲಾದ ಎದುರೇ ನಿಂತರು.

"ನೀನ ಹೇಳಿದ್ದಿ ಅವಗ, ಎತ್ತಿ ಹೊಡಿ ಅಂತ."

"ಹೌದು ಸಾಹೇಬ್ರೆ."

"ಬ್ಯಾಡ ಅಂದಿದ್ದೆ."

"ಹೌದು."

ಶಿವಪುತ್ರಪ್ಪನವರು ಛತ್ರಿಯ ತುದಿಯಿಂದ ನೆಲದ ಮೇಲಿನ ನೀರನ್ನು ಗೀರಿದರು. "ಅದು ಬ್ಯಾರೆ ಮಾತು. ಅದಕ್ಕ ಬಂದಿಲ್ಲ ನಾ. ಆ ಚೆಂಡು ನೆಲಾ ಮುಟ್ಟಿತ್ತು."

ಅಣ್ಣು ತಲೆಯೆತ್ತಿದ.

"ಅಂಚಿನಾಗ ನಿಂತಿದ್ದೆ, ನೋಡೀನಿ. ಪುಟಿದು ಬಂತು. ನಾ ಅವನ ಅಪ್ಪ, ನಾ ಹೇಳಿದ್ರ ಯಾರ ನಂಬ್ತಾರ? ಸುಮ್ಮನಾದೆ. ಆದ್ರ ನೀ ಹತ್ತಿರ ಇದ್ದಿ. ನಿನಗ ಕಾಣ್ಲಿಲ್ಲೇನು?"

ಕಾಣಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮಳೆ, ಹುಲ್ಲು, ಸಂಜೆಯ ಬೆಳಕು. ಎಲ್ಲರೂ ಒಪ್ಪುತ್ತಿದ್ದರು.

"ಕಂಡಿತು," ಎಂದ ಅಣ್ಣು. "ಆದ್ರೆ ನನ್ನ ಕಣ್ಣನ್ನು ನಂಬ್ಲಿಕ್ಕೆ ಆಗ್ಲಿಲ್ಲ ಸಾಹೇಬ್ರೆ. ಅವನು ಉಳೀಬೇಕು ಅಂತ ನನಗೆ ಎಷ್ಟು ಇತ್ತೋ, ಅಷ್ಟೇ ಹೆದ್ರಿಕೆ ಆಯ್ತು. ಪಕ್ಷಪಾತ ಮಾಡಿದ ಅಂತ ಹೇಳ್ತಾರೆ ಅಂತ."

ಶಿವಪುತ್ರಪ್ಪನವರು ಗಲ್ಲಾದ ಹತ್ತಿರಕ್ಕೆ ಬಾಗಿದರು. ಆಮೇಲೆ ಆಡಿದ ಮಾತು ತಗ್ಗಿದ ದನಿಯಲ್ಲಿತ್ತು, ಅದಕ್ಕೇ ಹೆಚ್ಚು ತಾಗಿತು.

"ಅಂದ್ರ ನಿನ್ನ ಹೆಸರು ಉಳಿಸ್ಕೊಂಡಿ. ಹುಡುಗನ ಜಾಗಾ ಕೊಟ್ಟು ನಿನ್ನ ಹೆಸರು ಉಳಿಸ್ಕೊಂಡಿ. ಕಂಡದ್ದು ಹೇಳೂದು ಅಷ್ಟ ಇತ್ತು ನಿನ್ನ ಕೆಲಸ."

ಅವರು ಛತ್ರಿ ಬಿಡಿಸಿ ಹೊರಟುಹೋದರು.

ಅಣ್ಣು ಗಲ್ಲಾದ ಹಿಂದೆ ಕುಳಿತೇ ಇದ್ದ. ಬೆಳಗಿನಿಂದ ಕೇಳಿದ ಹೊಗಳಿಕೆಯ ಒಂದೊಂದು ಮಾತೂ ಮೈಮೇಲೆ ಒದ್ದೆ ಕೋಟಿನ ಹಾಗೆ ಕುಳಿತಿತ್ತು. ಸಂಜೆ ನೆಟ್ ಅಭ್ಯಾಸದ ಹೊತ್ತಿಗೆ ಅವನು ಯಜಮಾನರನ್ನು ಕೇಳಿಕೊಂಡು ಎದ್ದ. ಕರ್ಣಿಕ್‌ನನ್ನು ಒಂದು ಕಡೆ ಕರೆದು ಹೇಳಬಹುದಿತ್ತು. ಆದರೆ ಬೆರಳೆತ್ತಿದ್ದು ಎಲ್ಲರ ಎದುರಿನಲ್ಲಿ. ನೆಟ್ಟಿನ ಹೊರಗೆ ಹೋಟೆಲಿನ ಮೇಜಿನವರು ಎಂದಿನಂತೆ ನಿಂತಿದ್ದರು, ತಂಡದ ಹುಡುಗರಿದ್ದರು, ದೂರದಲ್ಲಿ ಗುರುಪಾದ ಪ್ಯಾಡು ಕಟ್ಟದೆ ಕುಳಿತಿದ್ದ. ಅಣ್ಣು ಅವರೆಲ್ಲರ ನಡುವೆ ಹೋಗಿ ನಿಂತ.

"ನಿನ್ನೆ ಗುರುಪಾದ ಔಟ್ ಅಲ್ಲ," ಎಂದ. ಮೊದಲು ಕನ್ನಡದಲ್ಲಿ ಬಂದುಬಿಟ್ಟಿತು. ಕರ್ಣಿಕ್‌ನಿಗೆ ತಿಳಿಯಲೆಂದು ಮತ್ತೆ ಹಿಂದಿಯಲ್ಲಿ ಹೇಳಿದ. ಚೆಂಡು ನೆಲ ಮುಟ್ಟಿತ್ತು, ನಾನು ಕಂಡೆ, ಕಂಡೂ ಜನರಿಗೆ ಹೆದರಿ ಬೆರಳೆತ್ತಿದೆ ಎಂದ.

ಮೇಜಿನವರಲ್ಲೊಬ್ಬರು ಉಸಿರು ಬಿಟ್ಟು, "ಬೆಳಿಗ್ಗೆ ಒಂದು, ಸಂಜೆ ಒಂದು," ಎಂದರು. "ಶಿವಪುತ್ರಪ್ಪನವರು ಮಧ್ಯಾಹ್ನ ಬಂದು ಹೋದದ್ದನ್ನ ಮಾಣಿ ನೋಡಿದ್ದಾನೆ ಅಣ್ಣು," ಎಂದರು ಇನ್ನೊಬ್ಬರು. ಅದಕ್ಕೆ ಒಂದಿಬ್ಬರು ನಕ್ಕರು. ಬೆಳಗ್ಗೆ ಹೊಗಳಿದ ಬಾಯಿಗಳೇ ಅವು.

ಅಣ್ಣು ಕರ್ಣಿಕ್‌ನನ್ನೇ ನೋಡುತ್ತಿದ್ದ.

ಕರ್ಣಿಕ್ ಕೈಯಲ್ಲಿದ್ದ ಚೆಂಡನ್ನು ಷರಟಿಗೆ ಉಜ್ಜಿದ. ಆಟ ಮುಗಿದುಹೋಗಿದೆ, ಸೋತದ್ದು ಸೋತದ್ದೇ ಎಂದ. ಇನ್ನು ಮುಂದೆ ನಿನ್ನನ್ನು ಅಂಪೈರಾಗಿ ಕರೆಯುವುದಿಲ್ಲ, ಯಾವ ಟೀಮೂ ಒಪ್ಪುವುದಿಲ್ಲ ಎಂದ. ಅಣ್ಣು ತಲೆಯಾಡಿಸಿದ. ಕರ್ಣಿಕ್ ಗುರುಪಾದ ಕುಳಿತಿದ್ದ ಕಡೆಗೆ ಒಮ್ಮೆ ನೋಡಿದ. ಆ ಎರಡು ಹೊಡೆತಗಳು ಅವನ ಕಣ್ಣಿನಲ್ಲೂ ಇದ್ದಿರಬೇಕು.

"ಪ್ರೊಫೆಸರ್ ಸಾಹೇಬರ ಜೊತೆ ನಾನು ಮಾತಾಡ್ತೀನಿ," ಎಂದು ಹಿಂದಿಯಲ್ಲೇ ಹೇಳಿದ. "ಇನ್ನೊಂದು ಮ್ಯಾಚ್. ಅಷ್ಟೇ."

ಆ ವಾರವೆಲ್ಲ ಬಾಗಿಲ ಬದಿಯ ಮೇಜಿನವರು ಬಿಲ್ಲು ಕೊಡಲು ಬಂದಾಗ ಅಣ್ಣುವಿನ ಮುಖ ನೋಡದೆ ಚಿಲ್ಲರೆ ಇಟ್ಟು ಹೋದರು. "ಅಂಪೈರ್ ಸಾಹೇಬ್ರೆ, ಈ ಕಾಫಿ ಔಟಾ, ನಾಟ್‌ಔಟಾ?" ಎಂದು ಒಬ್ಬ ಕೇಳಿದ. ಕಿಂಡಿಯಿಂದ ದೋಸೆ ಬರಲಿಲ್ಲ. ಗುರುಪಾದ ಹೋಟೆಲಿಗೆ ಬರಲಿಲ್ಲ, ಅವನ ಅಪ್ಪನೂ ಬರಲಿಲ್ಲ.

ಮುಂದಿನ ಭಾನುವಾರದ ಆಟ ಚೆಂಬೂರಿನಲ್ಲಿತ್ತು. ಅಣ್ಣು ಮೂರು ತಿಂಗಳಿಂದ ತೆಗೆದುಕೊಳ್ಳದ ರಜೆ ಕೇಳಿ, ಗಾಡಿ ಬದಲಿಸಿ, ಕೆಸರು ತುಳಿದುಕೊಂಡು ಅಲ್ಲಿಗೆ ಹೋದ. ಆಟಗಾರರನ್ನು ಬಿಟ್ಟರೆ ಕಾಲೇಜಿನ ಕಡೆಯವರು ಯಾರೂ ಅಷ್ಟು ದೂರ ಬಂದಿರಲಿಲ್ಲ. ಬೇಲಿಯಿಲ್ಲದ ಆ ಮೈದಾನದ ಅಂಚಿನಲ್ಲಿ ಒಂದೇ ಒಂದು ಛತ್ರಿ ಇತ್ತು. ಅದರ ಕೆಳಗೆ ನಿಂತವರು ಅಣ್ಣುವನ್ನು ಕಂಡರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಣ್ಣು ಎರಡು ಮಾರು ದೂರದಲ್ಲಿ ನಿಂತ. ಮಳೆ ಜೋರಾದಾಗ ಶಿವಪುತ್ರಪ್ಪನವರು ಛತ್ರಿಯನ್ನು ಸ್ವಲ್ಪ ಈಚೆಗೆ ವಾಲಿಸಿದರು. ಅಣ್ಣು ಅದರ ಕೆಳಗೆ ಬಂದ.

ಗುರುಪಾದ ಬ್ಯಾಟು ಹಿಡಿದು ನಿಂತ. ಮೊದಲ ಚೆಂಡುಗಳನ್ನು ತಡೆದ, ಬಿಟ್ಟ. ಹುಲ್ಲು ಇಲ್ಲಿಯೂ ಅಷ್ಟೇ ಎತ್ತರ.

"ಎತ್ತತಾನೇನು?" ಎಂದು ಶಿವಪುತ್ರಪ್ಪನವರು ಕೇಳಿದರು. ಅವರ ಕಣ್ಣು ಮೈದಾನದ ಮೇಲಿರಲಿಲ್ಲ.

"ಗೊತ್ತಿಲ್ಲ ಸಾಹೇಬ್ರೆ. ಈ ಸಲ ನಾನು ಎಂತದೂ ಹೇಳ್ಲಿಲ್ಲ."

"ನಾನೂ ಹೇಳಿಲ್ಲ. ಆದ್ರ ಎತ್ತಿ ಹೊಡಿಯೂದು ತಪ್ಪು ಅಂತ ಇವತ್ತಿಗೂ ಅಂತೀನಿ." ಅವರು ಮೈದಾನಕ್ಕೆ ಬೆನ್ನು ತಿರುಗಿಸಿದರು. "ನಾ ನೋಡೂದಿಲ್ಲ. ನೀ ನೋಡು. ಏನು ಕಾಣ್ತೈತಿ ಅದನ್ನ ಹೇಳು."

ಬೌಲರ್ ಓಡಿ ಬಂದ. ಅಣ್ಣು ರೆಪ್ಪೆ ಬಡಿಯಲಿಲ್ಲ.

"ಎತ್ತಿದ," ಎಂದ.

ಶಿವಪುತ್ರಪ್ಪನವರ ಉಸಿರು ಕೇಳಿಸಿತು.

"ಮೇಲೆ ಹೋಯ್ತು. ನಡುವಿಗೆ ಸಿಕ್ಕಿಲ್ಲ, ಬ್ಯಾಟಿನ ಅಂಚು." ಅವನಿಗೆ ಬೇರೆ ರೀತಿ ಹೇಳಬೇಕೆನಿಸಿತು, ಹೇಳಲಿಲ್ಲ. "ಒಬ್ಬ ಓಡ್ತಿದ್ದಾನೆ. ಚೆಂಡಿನ ಕೆಳಗೆ ಬಂದ."

"ಹೇಳು."

"ಕೈ ಒಡ್ಡಿದ್ದಾನೆ."

"ಹೇಳೋ ಅಣ್ಣು."

"ಕೈಗೆ ಬಿತ್ತು," ಎಂದ ಅಣ್ಣು. ಆಮೇಲೆ, ಕಣ್ಣು ತೆಗೆಯದೆ, ಅಷ್ಟೇ ಸಮನಾದ ದನಿಯಲ್ಲಿ, "ಜಾರಿತು. ಹುಲ್ಲಿಗೆ ಬಿತ್ತು. ಉಳಿದ," ಎಂದ.

ಶಿವಪುತ್ರಪ್ಪನವರು ತಿರುಗಿ ನೋಡಲಿಲ್ಲ. ಖರೇ ಏನು ಎಂದು ಕೇಳಲಿಲ್ಲ. ಮುಂದಿನ ಚೆಂಡಿಗಾಗಿ, ಬೆನ್ನು ಮಾಡಿಕೊಂಡೇ, ಕಾದು ನಿಂತರು.